ಎಬ್ಬಿಸುವುದಕ್ಕೂ ಏಳುವುದಕ್ಕೂ ನಡುವೆ

ಹೊನವಾಡದ ಕುರಿಗಾರ ಅಮೋಘಿಯ ಮಗಳು ಸುಧಾರಾಣಿ ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ, ಯುನುಸನ ವರ್ಕ್‌ಶಾಪಿನಲ್ಲಿ ಯಂತ್ರಗಳ ತಲೆ ರಿಪೇರಿ ಮಾಡುತ್ತಾಳೆ. ಕೈಕಾಲು ರಿಪೇರಿ ಯುನುಸನದು: ಮೋಟಾರು ಸುತ್ತುವುದು, ಬೇರಿಂಗ್ ಬದಲಿಸುವುದು, ಬೆಲ್ಟು ಬಿಗಿಯುವುದು. ಯಂತ್ರದೊಳಗೆ ಕಂಪ್ಯೂಟರು ಇದ್ದರೆ ಅವನು ಮುಟ್ಟುವುದಿಲ್ಲ, ಗಿರಾಕಿಯನ್ನು ಒಳಗೆ ಕಳಿಸುತ್ತಾನೆ. ಒಳಗೆ ಬಂದವರು ಮೊದಲು ಅವಳ ಹಿಂದೆ ಯಾರಾದರೂ ಗಂಡಸರು ಕೂತಿದ್ದಾರೇನೋ ಎಂದು ಇಣುಕುತ್ತಾರೆ. ಹಿಂದೆ ಗೋಡೆ ಇದೆ, ಗೋಡೆಗೆ ಒಂದು ಫ್ಯಾನು ಇದೆ, ಅಷ್ಟೇ.

ಮೂವತ್ತು ದಾಟಿದ ಹೆಂಗಸು. ಗಂಡ ಇದ್ದಾನೆ, ಬೇರೆ ಊರಲ್ಲಿದ್ದಾನೆ, ಆ ಕಥೆ ಇಲ್ಲಿಗೆ ಬೇಡ. ಅವಳನ್ನು ಸಾಕಿದವಳು ತಾಯಿಯ ತಂಗಿ ರಾಚವ್ವ. ತಾಯಿ ಹೋದ ಮೇಲೆ ಅಮೋಘಿ ಕುರಿ ಹಿಂದೆ ಊರೂರು ಅಲೆಯುತ್ತಿದ್ದ. ಹುಡುಗಿ ಚಿಗವ್ವನ ಪಾಲಿಗೆ ಬಂತು. ರಾಚವ್ವ ಒಣದ್ರಾಕ್ಷಿ ಆರಿಸುವ ಕೂಲಿಯಲ್ಲಿ ಅವಳಿಗೆ ಡಿಪ್ಲೊಮಾ ಓದಿಸಿದಳು. ಓದಿಸಿದಳು ಎಂದರೆ ಮುಖ್ಯವಾಗಿ ಎಬ್ಬಿಸಿದಳು. ಹೊನವಾಡದಿಂದ ವಿಜಯಪುರಕ್ಕೆ ಬೆಳಗಿನ ಬಸ್ಸು ತಪ್ಪಿದರೆ ಆ ದಿನದ ಪಾಠ ಹೋದಂತೆ. ರಾಚವ್ವ ಒಲೆ ಮುಂದಿನಿಂದಲೇ ಕೂಗುತ್ತಿದ್ದಳು, ಸುಧಾ "ಎದ್ದೆ" ಎಂದು ಹೇಳಿ ಮಗ್ಗಲು ಬದಲಿಸುತ್ತಿದ್ದಳು.

"ಎದ್ದೆ ಅಂದ ಬಾಯಿ ಬ್ಯಾರೆ, ಎದ್ದ ಮೈ ಬ್ಯಾರೆ" ಎನ್ನುತ್ತ ರಾಚವ್ವ ಕೊಡದ ನೀರು ಎತ್ತುತ್ತಿದ್ದಳು. "ನಿಮ್ಮಪ್ಪಗೂ ಇದ ರೋಗ. ಮರಿ ಹೋದ ಮ್ಯಾಲ ಏಳ್ತಾನ."

ಅದು ಊರೆಲ್ಲ ಬಲ್ಲ ಮಾತು. ಅಮೋಘಿ ರೈತರ ಹೊಲದಲ್ಲಿ ರಾತ್ರಿ ಕುರಿ ತರುಬಿ ಕಾವಲಿಗೆ ಮಲಗಿದಾಗ ನಾಯಿ ಬೊಗಳಿದರೆ ಸಾಕು, ದೊಣ್ಣೆ ಸಮೇತ ಎದ್ದು ನಿಲ್ಲುತ್ತಿದ್ದ. ವರ್ಷಾನುಗಟ್ಟಲೆ ಹಾಗೇ ಎದ್ದ. ಒಂದು ರಾತ್ರಿ ಮಾತ್ರ ನಾಯಿ ಬೊಗಳಿತು, ಅವನಿಗೆ ಎಚ್ಚರವೂ ಆಯಿತು, ಆದರೆ ಕಾಲಿನ ಮೇಲೆ ಹೆಂಡತಿಯ ಕಡೆಯ ಹುಡುಗನೊಬ್ಬ ಮಲಗಿದ್ದ. ಅವನನ್ನು ಸರಿಸಿ ಏಳುವಷ್ಟರಲ್ಲಿ ತೋಳ ಮರಿ ಕಚ್ಚಿಕೊಂಡು ಬದು ದಾಟಿತ್ತು. ಅವನು ಬೇಗ ಎದ್ದ ರಾತ್ರಿಗಳ ಲೆಕ್ಕವನ್ನು ಯಾರೂ ಇಡಲಿಲ್ಲ. ಆ ಒಂದು ರಾತ್ರಿಯನ್ನು ಎಲ್ಲರೂ ಇಟ್ಟರು.

ಟಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವ ದಾರಿಯಲ್ಲಿ ಬಸಗೊಂಡಪ್ಪನ ಒಣದ್ರಾಕ್ಷಿ, ಈ ಕಡೆಯವರ ಬಾಯಲ್ಲಿ ಮನೂಕ, ಹಸನು ಮಾಡುವ ಘಟಕವಿದೆ. ರಾಚವ್ವ ಅಲ್ಲಿನ ಹಳಬಳು. ಮೊದಲು ಎಲ್ಲವನ್ನೂ ಹೆಂಗಸರೇ ಆರಿಸುತ್ತಿದ್ದರು. ಆಮೇಲೆ ಬಸಗೊಂಡಪ್ಪ ಹಳೆಯ ಆರಿಸುವ ಯಂತ್ರವೊಂದನ್ನು ಎಲ್ಲಿಂದಲೋ ತಂದ. ಅದರ ತಲೆ ಕೆಟ್ಟಿತ್ತು. ಯುನುಸ ಮೈ ಸರಿ ಮಾಡಿದ, ಸುಧಾರಾಣಿ ಒಂದು ಸಾಧಾರಣ ಕಂಪ್ಯೂಟರು ಕೂಡಿಸಿ ಲಿನಕ್ಸ್ ಹಾಕಿ ಹೊಸ ತಲೆ ಇಟ್ಟಳು. ಬೆಲ್ಟಿನ ಮೇಲೆ ಹಣ್ಣು ಓಡುತ್ತದೆ. ಮೇಲಿನ ಕಣ್ಣು ಕಲ್ಲನ್ನೋ ಕಪ್ಪು ಹಣ್ಣನ್ನೋ ಕಾಣುತ್ತದೆ. ಒಂದು ಮೊಳ ಮುಂದೆ ಗಾಳಿಯ ಕೊಳವೆಗಳ ಸಾಲಿದೆ. ಕೆಟ್ಟದ್ದು ಅಲ್ಲಿಗೆ ಬಂದ ಕ್ಷಣದಲ್ಲಿ 'ಫಟ್' ಎಂದು ಗಾಳಿ ಹೊಡೆದು ಅದನ್ನು ಡಬ್ಬಕ್ಕೆ ಹಾರಿಸಬೇಕು. ಉಳಿದದ್ದು ಹೆಂಗಸರ ಮುಂದೆ ಹೋಗುತ್ತದೆ. ಅವರು ತೊಟ್ಟು, ಕಡ್ಡಿ, ಯಂತ್ರ ಬಿಟ್ಟ ಕಲ್ಲು ತೆಗೆಯುತ್ತಾರೆ.

ಯಂತ್ರ ಬಂದ ಮೇಲೂ ಬಸಗೊಂಡಪ್ಪ ಯಾವ ಹೆಂಗಸನ್ನೂ ಬಿಡಿಸಲಿಲ್ಲ. ಧರ್ಮಾತ್ಮನೆಂದಲ್ಲ, ಬಿಡಿಸಬೇಕೆಂದು ಅವನಿಗೆ ಹೊಳೆಯಲಿಲ್ಲ. ಸಂಜೆ ಬೆಲ್ಟು ನಿಂತ ಮೇಲೆ ಬಾಗಿಲಲ್ಲಿ ನಿಂತು "ಉಡಿ ಹಿಡೀರಬೇ" ಎಂದು ಒಬ್ಬೊಬ್ಬರ ಸೆರಗಿಗೆ ಒಂದೊಂದು ಹಿಡಿ ಹಣ್ಣು ಹಾಕುತ್ತಿದ್ದ. ಮನೆಯ ಹುಡುಗರಿಗೆ ಅಂತ. ಅವನು ಸತ್ತ ಮೇಲೆ ಮಗ ಚೇತನಕುಮಾರ ಬಂದ. ಹಿಡಿ ನಿಂತಿತು. ನಿಂತ ಮೇಲೆ ಕೆಲವರು ತಾವೇ ಸೆರಗಿಗೆ ಕಟ್ಟಿಕೊಳ್ಳತೊಡಗಿದರು. ಹಾಕುವ ಕೈ ಹೋದರೆ ತೆಗೆದುಕೊಳ್ಳುವ ಕೈ ಬರುವುದೇ. ಚೇತನಕುಮಾರ ಬೆಲ್ಟಿನ ಮೇಲೆ, ಹೆಂಗಸರ ಕೈಗೆ ನೇರವಾಗಿ, ಕ್ಯಾಮೆರಾ ತೂಗುಹಾಕಿಸಿದ.

ಅದಾಗಿ ಒಂದು ಹಂಗಾಮು ಮುಗಿಯುವುದರೊಳಗೆ ರಾಚವ್ವ ವರ್ಕ್‌ಶಾಪಿಗೆ ಬಂದಳು. ಎಂದೂ ಬಂದವಳಲ್ಲ. ಯುನುಸ ಸ್ಟೂಲು ಒರೆಸಿ ಕೊಟ್ಟ.

"ಕುಂದ್ರೂದ ಬ್ಯಾಡಪ್ಪ, ಕುಂತ ಕುಂತ ಸೊಂಟ ಹೋಗೇತಿ" ಎಂದಳು. ಆಮೇಲೆ ಸುಧಾರಾಣಿಗೆ, "ಸುಧೀ, ಮನೂಕದಾಗ ಕಲ್ಲ ಬಂದಾವಂತ. ಮುಂಬೈ ವ್ಯಾಪಾರಿ ಲೋಡ್ ತಿರುಗಿ ಕಳಿಸ್ಯಾನ. ಯಾರದೋ ಹಲ್ಲ ಮುರೀತಂತ."

"ಅದಕ್ಕ ನಿನಗೇನಬೇ?"

"ಬೆಲ್ಟಿನ ಕಡೀಕ ಕುಂದ್ರಾಕಿ ನಾ. ಕಡೀಕ ಕುಂತಾಕೀನ ದಾಟಿ ಹ್ವಾದ ಕಲ್ಲ ಆಕೀದ ತಪ್ಪ ಅಂತ. ಎಲ್ಲಾರ ಮುಂದ ನಿಂದ್ರಿಸಿ ಕೇಳಿದ, ಕಣ್ಣ ಮಂಜಾಗ್ಯಾವೇನು ರಾಚವ್ವಕ್ಕ, ಇಲ್ಲಾ ಬೇಕಂತ ಬಿಡಾಕತ್ತೀರೇನು, ಹಿಡಿ ನಿಲ್ಲಿಸಿದ್ದಕ್ಕ ಸಿಟ್ಟೇನು ಅಂತ."

"ನೀ ಏನಂದಿ?"

"ಏನನ್ಲಿ? ನಿಮ್ಮಪ್ಪ ಇದ್ದಿದ್ರ ನಿನ್ನ ಕಪಾಳಕ್ಕ ಹಾಕ್ತಿದ್ದ ಅಂತ ಮನಸಿನ್ಯಾಗ ಅಂದೆ." ಯುನುಸ ನಕ್ಕ. ಅವಳು ನಗಲಿಲ್ಲ. "ಕಲ್ಲ ಭಾಳ ಬರಾಕತ್ತಾವ ಸುಧೀ. ಮೊದಲ ಹಿಂಗ ಇದ್ದಿಲ್ಲ. ಛಲೋ ಹಣ್ಣ ಡಬ್ಬಕ್ಕ ಬೀಳ್ತೈತಿ, ಕಲ್ಲ ನಮ್ಮ ಮುಂದ ಬರತೈತಿ. ಇರೂವು ಎರಡ ಕೈ. ಮಿಷಿನ್ ನೀನ ಮಾಡೀದಲ್ಲ, ಹೋಗಿ ನೋಡು. ಕೂಲಿ ಹ್ವಾದ್ರ ಹೋಗ್ಲಿ ಅನ್ನೂವಂಥ ವಯಸ್ಸಲ್ಲ ನಂದು. ಇನ್ನೊಬ್ರು ಯಾರ ಕರೀತಾರ?"

ಒಳ್ಳೆಯ ಹಣ್ಣು ಹಾರುವುದು, ಕಲ್ಲು ಉಳಿಯುವುದು ಎಂದ ಕೂಡಲೇ ಸುಧಾರಾಣಿಗೆ ಅನುಮಾನ ಬಂತು. ಗಾಳಿ ಹೊಡೆಯುತ್ತಿದೆ, ತಡವಾಗಿ ಹೊಡೆಯುತ್ತಿದೆ. ಕಲ್ಲು ಕೊಳವೆ ದಾಟಿದ ಮೇಲೆ, ಅದರ ಹಿಂದಿನ ಹಣ್ಣಿಗೆ.

ಯಂತ್ರ ನಡೆಸಲು ಅವಳು ಬರೆದ ಪ್ರೋಗ್ರಾಮು ಸದಾ ಎಚ್ಚರವಿರುವಂಥದ್ದಲ್ಲ. ಕೆಲಸವಿಲ್ಲದಾಗ ಮಲಗುತ್ತದೆ. ಕಣ್ಣಿನಿಂದ ಚಿತ್ರ ಬಂದಾಗ ಕರ್ನಲ್, ಅಂದರೆ ಇಡೀ ಕಂಪ್ಯೂಟರಿನ ಯಜಮಾನಿಕೆ ನಡೆಸುವ ಒಳಗಿನ ತಂತ್ರಾಂಶ, ಅದನ್ನು ಎಬ್ಬಿಸುತ್ತದೆ. ಎಬ್ಬಿಸಿದ ಕೂಡಲೇ ಅದು ಓಡುವುದಿಲ್ಲ. ಲೆಕ್ಕ ಮಾಡುವ ಪ್ರೊಸೆಸರು ಬೇರೆ ಪ್ರೋಗ್ರಾಮಿನ ಕೈಯಲ್ಲಿದ್ದರೆ ಕಾಯಬೇಕು. ಆ ನಡುವಿನ ಕಾಯುವಿಕೆಯೇ ಏಳುವ ತಡ. ಬೆಲ್ಟಿನ ವೇಗಕ್ಕೆ ಸೆಕೆಂಡಿನ ನೂರರಲ್ಲೊಂದು ಪಾಲು ತಡವಾದರೂ ಕಲ್ಲು ಎರಡು ಹಣ್ಣಿನಷ್ಟು ಮುಂದೆ ಹೋಗಿರುತ್ತದೆ.

ಇದನ್ನು ಕಣ್ಣಲ್ಲಿ ನೋಡಲಾಗದು. ಆದರೆ ಕರ್ನಲ್ಲಿಗೆ ತನ್ನ ಮೇಲೆ ತಾನೇ ಪಹರೆ ಇಡುವ ಒಂದು ಸೌಲಭ್ಯವಿದೆ, ಟ್ರೇಸ್ ಎನ್ನುತ್ತಾರೆ. ಚಾಲೂ ಮಾಡಿದರೆ ಯಾರನ್ನು ಯಾವಾಗ ಎಬ್ಬಿಸಿತು, ಯಾರ ಕೈಗೆ ಯಾವಾಗ ಪ್ರೊಸೆಸರು ಕೊಟ್ಟಿತು ಎಂದು ಒಂದೊಂದು ಗೆರೆಯಾಗಿ ಬರೆದಿಡುತ್ತದೆ. ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿ ಆ ಚೂರುಗಳಲ್ಲಿ ವೇಳೆ ಹಾಕುತ್ತದೆ. ಎಬ್ಬಿಸಿದ ಗೆರೆಯ ವೇಳೆಯನ್ನು ಓಡಿದ ಗೆರೆಯ ವೇಳೆಯಿಂದ ಕಳೆದರೆ ತಡ ಸಿಕ್ಕಿತು.

ಘಟಕಕ್ಕೆ ಹೋದಾಗ ಚೇತನಕುಮಾರ ಚಹಾ ತರಿಸಿದ. ಕೆಟ್ಟ ಹುಡುಗನಲ್ಲ. ಬಾಯಿ ಬಿಟ್ಟರೆ ಅಕ್ಕಾರ ಎನ್ನುತ್ತಾನೆ, ಚಪ್ಪಲಿ ಹೊರಗೆ ಬಿಟ್ಟು ಯಂತ್ರದ ಕೋಣೆಗೆ ಬರುತ್ತಾನೆ.

"ನೀವು ಚಿಗವ್ವನ ಸಲುವಾಗಿ ಬಂದಿಲ್ಲ ಅಂತ ನಾ ನಂಬ್ತೀನ್ರಿ ಅಕ್ಕಾರ. ಮಂದಿ ನಂಬಬೇಕಲ್ಲ? ಮಗಳು ಬಂದ್ಲು, ಮಿಷಿನ್ನಿನ ಮ್ಯಾಲ ಹಾಕಿ ಹ್ವಾದ್ಲು ಅಂತಾರ. ಹೆಣ್ಮಕ್ಕಳು ಊಟಕ್ಕೆದ್ದ ಮ್ಯಾಲ ನೋಡ್ರಿ. ಖಾಲಿ ಮಿಷಿನ್ನು, ನೀವು, ನಾನು."

ಸುಧಾರಾಣಿಗೆ ಅದು ನ್ಯಾಯವೆನಿಸಿತು. ರಾಚವ್ವ ಎದುರಿಗೆ ಕೂತಿದ್ದರೆ ತನ್ನ ಲೆಕ್ಕವೇ ಅವಳ ಕಡೆ ವಾಲೀತೆಂಬ ಅಂಜಿಕೆಯೂ ಇತ್ತು. ರಕ್ತಸಂಬಂಧದ ಪರವಾಗಿ ಅಳೆದಳೆಂಬ ಮಾತು ಬರಬಾರದು. ಈ ಕಡೆಯ ಮಂದಿಗೆ ಈ ಹುಚ್ಚು ಬಹಳ. ಮನೆಯವರ ಪರವಾಗಿ ನಿಂತೆ ಅನ್ನಿಸಿಕೊಳ್ಳುವ ನಾಚಿಕೆಗೆ ಮನೆಯವರನ್ನೇ ಬಾವಿಗೆ ನೂಕುತ್ತಾರೆ.

ಹೆಂಗಸರು ಬುತ್ತಿ ಗಂಟು ಹಿಡಿದು ಬೇವಿನ ಗಿಡದ ಕೆಳಗೆ ಹೋದರು. ಬೆಲ್ಟು ಓಡಿತು. ಚೇತನಕುಮಾರ ತಾನೇ ಕಲ್ಲು ಬೆರೆಸಿ ಸುರಿದ. ಟ್ರೇಸು ಗೆರೆ ಮೇಲೆ ಗೆರೆ ಬರೆಯಿತು. ಲೆಕ್ಕ ತೆಗೆದರೆ ತಡ ಎಂಬುದೇ ಇಲ್ಲ. ಅತಿ ಹೆಚ್ಚೆಂದರೂ ಒಂದು ಮಿಲಿಸೆಕೆಂಡಿನ ಕಾಲು ಭಾಗ ಮುಟ್ಟಲಿಲ್ಲ. ಕಲ್ಲೆಲ್ಲ ಪಟಪಟ ಡಬ್ಬಕ್ಕೆ ಬಿತ್ತು.

"ಹಂಗಾರ ಮಿಷಿನ್ ಬರೋಬ್ಬರಿ ಐತಿ" ಎಂದ ಚೇತನಕುಮಾರ.

"ಐತಿ" ಎಂದಳು. ಬೇರೇನು ಹೇಳಬೇಕಿತ್ತು? ಪರದೆಯ ಮೇಲೆ ಹಾಗೇ ಇತ್ತು.

ಊಟ ಮುಗಿಸಿ ಬಂದ ಹೆಂಗಸರ ಮುಂದೆ ಅವನು ಮೆಲ್ಲನೆಯ ದನಿಯಲ್ಲೇ ಹೇಳಿದ: "ರಾಚವ್ವಕ್ಕ, ನಿಮ್ಮ ಮಗಳ ಅಳತಿ ಮಾಡ್ಯಾಳ. ಮಿಷಿನ್ನಿಂದೇನೂ ತಪ್ಪಿಲ್ಲ. ಈ ವಾರ ತುಂಬಿಸ್ರಿ. ಮುಂದಿನ ವಾರದಿಂದ ಬ್ಯಾರೆಯವ್ರನ್ನ ನೋಡ್ತೀನಿ."

ರಾಚವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು. ಒರೆಸಿ ಮುಗಿದ ಮೇಲೂ ಒರೆಸಿದಳು.

"ನೀ ಹೇಳಿದೇನಬೇ?"

"ಅಳತಿ ಹಂಗ ಬಂತು ಚಿಗವ್ವ."

"ಅಳತಿ ಬಂತು. ನೀ ಎಲ್ಲಿದ್ದಿ?"

ಅಲ್ಲಿಂದ ಟಿಕೋಟಾದವರೆಗೆ ಟಂಟಂ ಆಟೊ, ಟಿಕೋಟಾದಿಂದ ವಿಜಯಪುರಕ್ಕೆ ಬಸ್ಸು. ದಾರಿಯುದ್ದಕ್ಕೂ ಸುಧಾರಾಣಿಯ ಕಿವಿಯಲ್ಲಿ ಆ ಒಂದು ಮಾತು. ವರ್ಕ್‌ಶಾಪಿಗೆ ಬಂದು ಯುನುಸನಿಗೆ ಹೇಳಿದಳು. ಅವನು ಸುತ್ತಿದ ಮೋಟಾರಿಗೆ ವಾರ್ನಿಶ್ ಬಳಿಯುತ್ತಿದ್ದ.

"ಊಟದ ಹೊತ್ತಿನ್ಯಾಗ ನೋಡಿದಿ?"

"ಹೂಂ ಚಾಚಾ. ಯಾರೂ ಇದ್ದಿಲ್ಲ. ಚೊಕ್ಕ ಅಳತಿ."

"ಚೊಕ್ಕ ಇತ್ತು ಖರೇ." ಅವನು ಬ್ರಷ್ಷು ಕೆಳಗಿಟ್ಟ. "ಹೋದ ವರ್ಷ ಭೂತನಾಳದ ಗೌಡ್ರ ಮೋಟಾರು ನೆಪ್ಪೈತಿ? ಇಲ್ಲಿ ಟೇಬಲ್ ಮ್ಯಾಲ ಗುಂಯ್ ಅಂತ ತಿರುಗ್ತು. ಬಾವ್ಯಾಗ ಇಳಿಸಿದ ಮ್ಯಾಲ ಸುಟ್ತು. ಗೌಡ ಬಂದು ನನ್ನ ಅಪ್ಪನ್ನ, ಅಜ್ಜನ್ನ, ಎಲ್ಲಾರ್ನೂ ನೆನಸಿ ಬೈದ. ಲೋಡ್ ಇಲ್ಲದ ತಿರುಗಿಸಿ ಬರೋಬ್ಬರಿ ಐತಿ ಅಂದ್ರ ಏನ್ ಬಂತಲೇ ಸುಧಾ?"

"ಲೋಡ್ ಇತ್ತು ಚಾಚಾ. ಹಣ್ಣ ಓಡಾಕತ್ತಿತ್ತು, ಕಲ್ಲ ಇದ್ವು."

"ಏನಿದ್ದಿಲ್ಲ ಹೇಳು."

ಅವಳು ಯೋಚಿಸಿದಳು. ಹೆಂಗಸರು ಇರಲಿಲ್ಲ. ಹೆಂಗಸರಿಗೂ ಯಂತ್ರದ ತಲೆಗೂ ಏನು ನಂಟು? ಅವರು ಒಂದು ತಂತಿಯನ್ನೂ ಮುಟ್ಟುವುದಿಲ್ಲ. ನಾಯಿ ಬೊಗಳಿದ ರಾತ್ರಿಯಲ್ಲಿ, ಕಾಲ ಮೇಲೆ ಯಾರೂ ಮಲಗಿರದಾಗ ಅಪ್ಪ ಎಷ್ಟು ಚುರುಕಾಗಿ ಏಳುತ್ತಾನೆಂದು ನೋಡಿದಂತಾಯಿತು ತನ್ನ ಅಳತೆ. ಕಾಲ ಮೇಲೆ ಮಲಗಿದವನಾರು ಎಂದು ನೋಡಲೇ ಇಲ್ಲ.

ಮರುದಿನ ಹೇಳದೆ ಕೇಳದೆ ಹೋದಳು. ಚೇತನಕುಮಾರನ ಮುಖ ಬಿಗಿಯಿತು.

"ಮತ್ತೇನ್ರಿ ಅಕ್ಕಾರ? ಹೇಳಿದ್ರಲ್ಲ ಬರೋಬ್ಬರಿ ಐತಿ ಅಂತ."

"ತಪ್ಪ ಹೇಳಿದೆ. ಹೆಣ್ಮಕ್ಕಳು ಕುಂತು ಆರಸೂ ಮುಂದ ಅಳೀಬೇಕಿತ್ತು. ಅಳೀತೀನಿ. ನೀವ ಬಾಜೂಕ ನಿಂತು ನೋಡ್ರಿ. ಮತ್ತ ಬರೋಬ್ಬರಿ ಬಂದ್ರ ಚಿಗವ್ವನ್ನ ನಾನ ಕರಕೊಂಡು ಹೋಗ್ತೀನಿ."

ರಾಚವ್ವ ತಲೆ ಎತ್ತಲಿಲ್ಲ. ಪಕ್ಕದ ಗುರುಬಸವ್ವ ಮಾತ್ರ ಅಂದಳು, "ಬಂದ್ಲಬೇ ನಿನ್ನ ಮಗಳು, ನಿನ್ನೆ ಕುತ್ತಿಗಿ ಅರ್ಧಾ ಕೊಯ್ದಿದ್ಲು, ಇವತ್ತ ಪೂರಾ ಮಾಡಾಕ."

ಬೆಲ್ಟು ಓಡಿತು, ಕೈಗಳು ಓಡಿದವು. ಸುಧಾರಾಣಿ ಟ್ರೇಸು ಚಾಲೂ ಮಾಡಿದಳು. ಈ ಸಲವೂ ಸರಾಸರಿ ಚೊಕ್ಕವಾಗಿಯೇ ಇತ್ತು. ಚೇತನಕುಮಾರ "ನೋಡ್ರಿ" ಎಂದ.

"ಸರಾಸರಿ ನೋಡಬಾರದ್ರಿ" ಎಂದಳು. "ನೂರ ಸಲ ಲಗೂ ಎದ್ದು ಒಂದ ಸಲ ತಡಾ ಎದ್ರ, ಕಲ್ಲ ಹೋಗೂದು ಆ ಒಂದ ಸಲಕ್ಕ. ಅತೀ ತಡ ಯಾವುದೈತಿ, ಅದನ್ನ ನೋಡಬೇಕು."

ಅತಿ ತಡವಾದ ಗೆರೆಗಳನ್ನು ಮೇಲೆ ತಂದಳು. ಹನ್ನೆರಡು, ಹದಿನಾಲ್ಕು ಮಿಲಿಸೆಕೆಂಡು, ಅಂದರೆ ಸೆಕೆಂಡಿನ ನೂರರಲ್ಲೊಂದು ಪಾಲಿಗಿಂತ ಹೆಚ್ಚು. ಒಂದಲ್ಲ, ಸಾಲು ಸಾಲು. ಪ್ರತಿ ಸಾಲಲ್ಲೂ ಕರ್ನಲ್ ಯಂತ್ರದ ಪ್ರೋಗ್ರಾಮನ್ನು ಸರಿಯಾದ ವೇಳೆಗೆ ಎಬ್ಬಿಸಿತ್ತು. ಅದು ಎದ್ದು ಕಾಯುತ್ತಿತ್ತು. ಪ್ರೊಸೆಸರಿನ ಮೇಲೆ ಕೂತಿದ್ದದ್ದು ಬೇರೆ ಯಾವುದೋ ಹೆಸರು. ಪ್ರತಿ ಸಲ ಅದೇ ಹೆಸರು.

"ಇದೇನ್ರಿ ಇದು?"

ಚೇತನಕುಮಾರ ಬಗ್ಗಿ ನೋಡಿದ. "ಅದಾ... ಅದು ಕ್ಯಾಮೆರಾದ್ದು. ರೆಕಾರ್ಡಿಂಗ್. ಹಾಕಾಕ ಬಂದಾವ, ಬ್ಯಾರೆ ಕಂಪ್ಯೂಟರ್ ಬ್ಯಾಡ್ರಿ, ಇದರಾಗ ಜಾಗಾ ಐತಿ ಅಂದ. ಮೊದಲ ಚಿತ್ರ ತಡಬಡಿಸಾಕತ್ತಿತ್ತು. ಏನೋ ಒತ್ತಿ ಎಲ್ಲಾಕ್ಕಿಂತ ಮುಂದ ಇಟ್ಟ, ಸರೀ ಆತು."

ಎಲ್ಲಕ್ಕಿಂತ ಮುಂದೆ ಇಟ್ಟಿದ್ದ. ಅಂದರೆ ಅದಕ್ಕೆ ಕೆಲಸ ಬಂದಾಗ ಯಂತ್ರದ ಪ್ರೋಗ್ರಾಮು ಎದ್ದಿದ್ದರೂ ಬಾಗಿಲಲ್ಲೇ ನಿಲ್ಲಬೇಕು. ಅದಕ್ಕೆ ಕೆಲಸ ಬರುವುದು ಯಾವಾಗ? ಬೆಲ್ಟಿನ ಒಂದೇ ಸಮನಾದ ಓಟ ಬಿಟ್ಟು ಬೇರೇನಾದರೂ ಕ್ಯಾಮೆರಾದ ಮುಂದೆ ಅಲುಗಾಡಿದಾಗ. ಅಲುಗಾಡುವುದು ಹೆಂಗಸರ ಕೈ.

"ಚಿಗವ್ವ" ಎಂದಳು ಸುಧಾರಾಣಿ, "ಎಲ್ಲಾರೂ ಸ್ವಲ್ಪ ಕೈ ಕಟ್ಟಿ ಕುಂದ್ರಿ."

"ಬೆಲ್ಟ್ ಓಡಾಕತ್ತೈತಲ್ಲಬೇ?"

"ಓಡ್ಲಿ. ಏನೂ ಮುಟ್ಟಬ್ಯಾಡ್ರಿ."

ಹೆಂಗಸರು ಕೈ ಕಟ್ಟಿ ಕೂತರು, ಫೋಟೋ ತೆಗೆಸಿಕೊಳ್ಳುವವರ ಹಾಗೆ. ಪರದೆಯ ಮೇಲಿನ ಉದ್ದುದ್ದ ತಡಗಳು ನಿಂತವು. ಡಬ್ಬಕ್ಕೆ ಕಲ್ಲು ಬೀಳುವ ಸದ್ದು ಕೇಳತೊಡಗಿತು, ಟಕ್, ಟಕ್. ಬೆಲ್ಟಿನ ಕೊನೆಗೆ ಹಣ್ಣು ಕನ್ನಡಿಯ ಹಾಗೆ ಬಂತು.

"ಈಗ ಆರಸ್ರಿ."

ಕೈಗಳು ಎದ್ದವು. ತಡಗಳೂ ಎದ್ದವು. ರಾಚವ್ವನ ಮುಂದೆ ಕಲ್ಲು ಬಂತು, ಅವಳು ಹೆಕ್ಕಿದಳು, ಹೆಕ್ಕಿದ ಕೈಯ ಹಿಂದೆಯೇ ಇನ್ನೆರಡು ಬಂದವು. ಕಲ್ಲು ಹೆಚ್ಚಾದಷ್ಟೂ ಹೆಂಗಸರು ಜೋರಾಗಿ ಕೈ ಆಡಿಸುತ್ತಿದ್ದರು. ಜೋರಾಗಿ ಆಡಿಸಿದಷ್ಟೂ ಕ್ಯಾಮೆರಾ ಜಾಸ್ತಿ ಬರೆಯುತ್ತಿತ್ತು. ಅದು ಬರೆದಷ್ಟೂ ಗಾಳಿ ತಡವಾಗುತ್ತಿತ್ತು, ಗಾಳಿ ತಡವಾದಷ್ಟೂ ಕಲ್ಲು. ಹಂಗಾಮಿನುದ್ದಕ್ಕೂ ಅವರು ತಮ್ಮ ಕೈಯಿಂದಲೇ ತಮ್ಮ ಮುಂದೆ ಕಲ್ಲು ಸುರಿದುಕೊಂಡಿದ್ದರು. ಕಳ್ಳಿಯರನ್ನು ಹಿಡಿಯಲು ಕಟ್ಟಿದ ಕಣ್ಣು ಕಲ್ಲು ಆರಿಸುವ ಕಣ್ಣನ್ನು ಕಟ್ಟಿಹಾಕಿತ್ತು.

ಗುರುಬಸವ್ವನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. "ಅಂದ್ರ ನಮ್ಮ ಸೆರಗ ಕಾಯಾಕ ಹೋಗಿ ಗಿರಾಕೀ ಹಲ್ಲ ಮುರದ್ರಿ?" ಎಂದಳು. ಹೆಂಗಸರೆಲ್ಲ ನಕ್ಕರು. ಬಹಳ ದಿನಗಳ ಮೇಲೆ ಆ ಶೆಡ್ಡಿನಲ್ಲಿ ನಗೆ ಕೇಳಿತು.

ಚೇತನಕುಮಾರ ಸಣ್ಣವನಾಗದೆ ಮಾತಾಡಿದ. ಅದನ್ನೂ ಹೇಳಬೇಕು. "ರಾಚವ್ವಕ್ಕ, ನಂದ ತಪ್ಪ. ಮನಸಿಗೆ ಹಚ್ಚಿಕೋಬ್ಯಾಡ್ರಿ. ನಾಳೆ ಬರ್ರಿ" ಎಂದು ಎಲ್ಲರ ಮುಂದೆ ಕೈ ಮುಗಿದ. ಆದರೆ ಹೆಂಗಸರು ಕೈ ಕಟ್ಟಿ ಕೂತಾಗ ಬೆಲ್ಟಿನ ಕೊನೆಗೆ ಬಂದ ಚೊಕ್ಕ ಹಣ್ಣನ್ನು ಅವನೊಂದು ಮುಷ್ಟಿ ತೆಗೆದಿಟ್ಟುಕೊಂಡಿದ್ದ. ಮಾತಾಡುವಾಗಲೂ ಅದನ್ನು ಅಂಗೈಯಲ್ಲಿ ಹೊರಳಿಸುತ್ತಲೇ ಇದ್ದ. ಸುಧಾರಾಣಿ ನೋಡಿದಳು. ನೋಡಿದ್ದರ ಅರ್ಥ ಆಗ ಆಗಲಿಲ್ಲ. ಚಿಗವ್ವನ ಮುಖ ನೋಡುವ ಅವಸರದಲ್ಲಿದ್ದಳು.

ಕ್ಯಾಮೆರಾಕ್ಕೆ ಬೇರೆ ಕಂಪ್ಯೂಟರು ಬಂತು. ಕ್ಯಾಮೆರಾವನ್ನೇ ತೆಗೆದುಹಾಕಿ ಎಂದು ಯಾರೂ ಕೇಳಲಿಲ್ಲ, ಕೇಳಬಹುದೆಂದು ಯಾರಿಗೂ ತೋಚಲಿಲ್ಲ. ಗೆದ್ದ ದಿನ ಇನ್ನೊಂದು ಹೆಜ್ಜೆ ಮುಂದಿಡುವುದು ನಮ್ಮ ಮಂದಿಗೆ ಗೊತ್ತಿಲ್ಲ. ಕೈ ಮುಗಿಸಿಕೊಂಡರೆ ಹೊಟ್ಟೆ ತುಂಬುತ್ತದೆ.

ಯಂತ್ರ ಈಗ ಒಂದೇ ಕೂಗಿಗೆ ಏಳುತ್ತಿತ್ತು. ರಾಚವ್ವ ಹೊನವಾಡದಿಂದ ಫೋನು ಮಾಡಿದಾಗ, "ಹ್ಯಾಂಗೈತಿ ಚಿಗವ್ವ ಈಗ?" ಎಂದರೆ, "ಹಗುರೈತಿ. ಕಲ್ಲ ಬರೂದ ಇಲ್ಲ. ಕುಂತ ತೂಕಡಿಕಿ ಬರ್ತೈತಿ" ಎನ್ನುತ್ತಿದ್ದಳು. ಸುಧಾರಾಣಿಗೆ ಹೆಮ್ಮೆ. ತೂಕಡಿಕೆಯ ಮಾತು ಕಿವಿಯ ಮೇಲೆ ಹಾದುಹೋಯಿತು.

ಹಂಗಾಮಿನ ಕೊನೆಗೆ ಚೇತನಕುಮಾರ ಸುಧಾರಾಣಿಯನ್ನು ಕರೆಸಿದ. ಯಂತ್ರಕ್ಕೆ ಏನಾದರೂ ಆಗಿದೆಯೆಂದು ಚೀಲ ಹೊತ್ತು ಹೋದಳು. ಯಂತ್ರ ಸುಮ್ಮನೆ ನಿಂತಿತ್ತು. ಅವನು ತನ್ನ ಕೋಣೆಗೆ ಕರೆದು ಪರದೆ ತಿರುಗಿಸಿದ. ಬೆಲ್ಟಿನ ಮೇಲಿನ ಕ್ಯಾಮೆರಾದ ಚಿತ್ರ. ಕೈಗಳು, ಬರೀ ಕೈಗಳು. ಮುಖ ಇಲ್ಲ. ಮೂಲೆಯಲ್ಲಿ ವೇಳೆ ಓಡುತ್ತಿತ್ತು.

"ನಿಮ್ಮಿಂದ ಒಂದ ಪಾಠ ಕಲ್ತೆ ಅಕ್ಕಾರ. ಅಂದಾಜಿಲೆ ಮಾತಾಡಬಾರದು, ಅಳೀಬೇಕು ಅಂತ. ನಾನೂ ಅಳದೆ. ಬೆಲ್ಟಿನ ಮ್ಯಾಲ ತೊಟ್ಟು ಕಾಣಸ್ತೈತಿ, ನೋಡ್ರಿ, ಇಲ್ಲಿ. ಕೈ ಎದ್ದದ್ದು ಇಲ್ಲಿ. ಇದರ ನಡುವಿನ ವೇಳೆ. ಒಬ್ಬೊಬ್ಬರದೂ ತಗದೀನಿ."

ಸುಧಾರಾಣಿ ಪರದೆಗೆ ಬಗ್ಗಿದಳು. ಪರದೆಯ ಕೊನೆಯ ಜೋಡಿ ಕೈಯ ಬಳೆ ಅವಳಿಗೆ ಗೊತ್ತು.

"ಸರಾಸರಿ ನೋಡಿದ್ರ ಎಲ್ಲಾರೂ ಬರೋಬ್ಬರಿ. ನೀವ ಹೇಳಿದ್ರಲ್ಲ, ಸರಾಸರಿ ನೋಡಬಾರದು, ಅತೀ ತಡ ಯಾರದೈತಿ ನೋಡಬೇಕು." ಅವನು ಕೈಗಳ ಮೇಲೆ ಬೆರಳಿಡಲಿಲ್ಲ, ಅಷ್ಟು ಮರ್ಯಾದೆ ಇತ್ತು. "ಹಣ್ಣೂ ಚೊಕ್ಕ ಬರಾಕತ್ತೈತಿ. ಇಷ್ಟ ಮಂದಿ ಬೇಕಾಗಿಲ್ರಿ. ನಾಕ ಮಂದಿ ಸಾಕು. ಲಗೂ ಕೈ ಇದ್ದಾವ್ರು."

"ಆ ಅಳತಿ ಮಿಷಿನ್ನಿಂದ್ರಿ, ಸಾವ್ಕಾರ್ರ."

"ಅಳತಿ ಅಳತೀನ ಅಲ್ರಿ?"

"ಮನಿಷ್ಯಾರು ತೂಕಡಸ್ತಾರ. ಮಿಷಿನ್ನು ಛಲೋ ಆಗಿ ಕೆಲಸ ಇಲ್ಲದಕ್ಕ ತೂಕಡಸ್ಯಾರ. ಕಲ್ಲ ಬರೂ ಮುಂದ ಆಕೀ ಕೈ ನೋಡಿದ್ರೇನು?"

"ಅದನ್ನ ಹೇಳಾಕತ್ತೇನ್ರಿ ನಾನೂ. ಕೆಲಸ ಇಲ್ಲ."

ಅವಳು ಜಗಳ ತೆಗೆದಳು. ದನಿ ಶೆಡ್ಡಿಗೆ ಕೇಳುವಷ್ಟು ತೆಗೆದಳು. ಲೇಬರ್ ಆಫೀಸಿಗೆ ಹೋಗುತ್ತೇನೆ ಎಂದಳು. ಅವನು ಹೋಗ್ರಿ ಅಕ್ಕಾರ ಎಂದ. ದಿನಗೂಲಿಯವರ ಹೆಸರು ಯಾವ ಹಾಜರಿಯಲ್ಲೂ ಇಲ್ಲವೆಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಕ್ಯಾಮೆರಾದಲ್ಲಿ ಮಾತ್ರ ಇದ್ದಾರೆ, ಅದೂ ಕೈಗಳು. ಹೊರಗೆ ಬಂದು, "ಎಲ್ಲಾರೂ ಏಳ್ರಿ, ಉಳಿಯೂ ನಾಕ ಮಂದೀನೂ ಕುಂದ್ರಬ್ಯಾಡ್ರಿ" ಎಂದು ಹೆಂಗಸರಿಗೆ ಹೇಳಿದಳು. ಉಳಿಯುವ ನಾಲ್ವರು ಬೆಲ್ಟು ನೋಡಿದರು. ಗುರುಬಸವ್ವ ಆ ನಾಲ್ವರಲ್ಲಿ ಒಬ್ಬಳು. ಅವತ್ತು ಎಲ್ಲರನ್ನೂ ನಗಿಸಿದವಳು ಅವಳೇ. ಈಗ ಅವಳ ಬಾಯಿಂದ ಒಂದು ಮಾತು ಹೊರಡಲಿಲ್ಲ. ಹೊರಡಬೇಕೆಂದು ಕೇಳುವ ಹಕ್ಕು ಯಾರಿಗಿದೆ? ಅವಳ ಮನೆಯಲ್ಲೂ ಒಲೆ ಇದೆ.

"ನಡಿ ಬೇ" ಎಂದಳು ರಾಚವ್ವ. "ಗಂಟಲ ಹರಕೋಬ್ಯಾಡ."

ಬಿಡಿಸಿದವರಿಗೆಲ್ಲ ಚೇತನಕುಮಾರ ಒಂದೊಂದು ಪಾಕೀಟು ಹಣ್ಣು ಕೊಟ್ಟ. ಬಾಯಿ ಬಿಗಿದ, ಬಣ್ಣದ ಪಾಕೀಟು. ಮುಂಬೈಗೆ ಹೋಗುವಂಥದ್ದು. ಅಪ್ಪನ ಕಾಲದ ಹಿಡಿ ಅವನಿಗೆ ನೆನಪಿತ್ತೋ ಏನೋ.

ಟಿಕೋಟಾದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಕೂತರು. ರಾಚವ್ವನ ಬಸ್ಸು ಒಂದು ದಿಕ್ಕಿಗೆ, ಸುಧಾರಾಣಿಯದು ಇನ್ನೊಂದು ದಿಕ್ಕಿಗೆ. ಬಿಸಿಲು ಇಳಿದಿರಲಿಲ್ಲ. ಒಂದು ಆಡು ಬಾಳೆಹಣ್ಣಿನ ಸಿಪ್ಪೆ ಹುಡುಕಿಕೊಂಡು ಬೆಂಚಿನ ಕೆಳಗೆ ಬಂತು.

"ನಾ ಸುಮ್ನ ಇದ್ದಿದ್ರ..." ಎಂದು ಸುಧಾರಾಣಿ ಶುರು ಮಾಡಿದಳು.

"ಸುಮ್ನ ಇದ್ದಿದ್ರ ಅವತ್ತ ಕಳ್ಳಿ ಅಂತ ಹೋಗ್ತಿದ್ದೆ. ಈಗ ಕೆಲಸಕ್ಕ ಬಾರದಾಕಿ ಅಂತ ಹೋದೆ. ಎಲ್ಲಾ ಒಂದ ಬಸ್ಸಿಗೆ ಹತ್ತೂದು."

"ಬಿಡೂದಿಲ್ಲ ಚಿಗವ್ವ. ನನ್ನ ಕಡೆ ಬಾ. ವಿಜಾಪುರಕ್ಕ."

"ಬಂದು ಏನ್ ಮಾಡ್ಲಿ? ನಿನ್ನ ಎಬ್ಬಸ್ಲೇನು? ಈಗ ನಿನಗ ಮೊಬೈಲ್ ಎಬ್ಬಸ್ತೈತಿ."

ರಾಚವ್ವ ಹಲ್ಲಿನಿಂದ ಪಾಕೀಟಿನ ಬಾಯಿ ಹರಿದಳು. ಸೆರಗು ತೊಡೆಯ ಮೇಲೆ ಹಾಸಿ ಹಣ್ಣೆಲ್ಲ ಸುರುವಿಕೊಂಡಳು. ತಿನ್ನಲಿಲ್ಲ. ಬೆರಳುಗಳು ತಾವೇ ಆರಿಸತೊಡಗಿದವು, ಒಂದೊಂದೇ ಹಣ್ಣನ್ನು ಆಚೆಯಿಂದ ಈಚೆಗೆ ತಳ್ಳುತ್ತ. ಬೆರಳು ನಿಧಾನವಾಗಿದ್ದವು, ಚೇತನಕುಮಾರ ಸುಳ್ಳು ಹೇಳಿರಲಿಲ್ಲ. ಸುಧಾರಾಣಿ ಆ ಬೆರಳುಗಳನ್ನೇ ನೋಡುತ್ತ ಕೂತಳು. ಒಂದಾದರೂ ತೊಟ್ಟು ಸಿಗಲಿ, ಒಂದು ಕಡ್ಡಿ, ಒಂದು ಕಪ್ಪು ಹಣ್ಣು ಸಿಗಲಿ ಎಂದು ಅವಳ ಜೀವ ಹಂಬಲಿಸಿತು.

ಹೊನವಾಡದ ಬಸ್ಸು ಬಂದು ನಿಂತಾಗ ಹಣ್ಣೆಲ್ಲ ಈಚೆ ಬದಿಗೆ ಬಂದಿತ್ತು. ಆಚೆ ಬದಿಯ ಸೆರಗು ಬರಿದಾಗಿತ್ತು. ರಾಚವ್ವ ಸೆರಗಿನ ಅಂಚು ಕೂಡಿಸಿ ಗಂಟು ಹಾಕಿದಳು.

"ಒಂದೂ ಇಲ್ಲಬೇ" ಎಂದಳು. "ಛಲೋ ಮಾಡೀದಿ ಮಿಷಿನ್ನ."

ಗಂಟು ಉಡಿಗೆ ಒತ್ತಿಕೊಂಡು ಬಸ್ಸು ಹತ್ತಿದಳು. ಸುಧಾರಾಣಿ ಬೆಂಚಿನಿಂದ ಏಳಬೇಕೆಂದುಕೊಂಡಳು, ಕಿಟಕಿಯ ಹತ್ತಿರ ಹೋಗಿ ಏನಾದರೂ ಹೇಳಬೇಕೆಂದುಕೊಂಡಳು. ಎದ್ದು ನಿಲ್ಲುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು.